ಕಡ್ಲೆಪುರಿ ಪೊಟ್ಟಣದಲ್ಲಿ ಹೋದ ಕೊನೆ

ಹುಣಸೂರಿನ ಲೈಬ್ರರಿ ಬಾಗ್ಲಲ್ಲಿ ನಾನು ಚಪ್ಪಲಿ ಬಿಡೋದು ಕಂಡ್ರೆ ಸಾಕು, ಒಳಗೆ ಪುಸ್ತಕ ಕೊಡೋ ಹುಡುಗಿ ನಗಕ್ಕೆ ಶುರು ಮಾಡ್ತಾಳೆ. ಕಾರಣ ಐತೆ. ಯಾವ ಪುಸ್ತಕ ಕೈಗೆ ಬಂದ್ರೂ ನಾನು ಮೊದ್ಲು ಅದನ್ನ ಮಗುಚಿ ಹಾಕಿ, ಹಿಂದಿನ ರಟ್ಟು ತೆಗ್ದು, ಕೊನೇ ಹಾಳೆ ಐತಾ ಅಂತ ಬೆರಳಾಡಿಸಿ ನೋಡ್ತೀನಿ. ಓದಲ್ಲ, ದೇವರಾಣೆ. ಐತಾ ಇಲ್ವಾ, ಅಷ್ಟೇ. ಇದ್ರೆ ತಗತೀನಿ. ಇಲ್ದಿದ್ರೆ ಅದು ಎಂಥಾ ಪುಸ್ತಕ ಆಗಿರ್ಲಿ, ವಾಪಸ್ ಇಡ್ತೀನಿ.

"ಏನ್ ತಾತ, ಕೊಲೆ ಮಾಡ್ದೋನು ಯಾರು ಅಂತ ಮೊದ್ಲೇ ನೋಡ್ಕತೀರಾ?" ಅಂದ್ಲು ಮೊನ್ನೆ.

"ಇಲ್ಲ ಕಣವ್ವ. ಅವ್ನು ಮನೇಲವ್ನಾ ಅಂತ ಮಾತ್ರ ನೋಡ್ತೀನಿ. ಯಾರು ಎತ್ತ ಅಂತ ಆಮೇಲೆ ನಿಧಾನಕ್ಕೆ ವಿಚಾರಿಸ್ಕತೀನಿ" ಅಂದೆ.

ಆ ಹುಡುಗಿಗೆ ಗೊತ್ತಿಲ್ದೆ ಇರೋದು ಇನ್ನೊಂದು ಐತೆ, ನಿಮಗೆ ಮಾತ್ರ ಹೇಳ್ತೀನಿ. ಅಲ್ಲಿರೋ ಪತ್ತೇದಾರಿ ಪುಸ್ತಕಗಳಿಗೆಲ್ಲ ನಾನು ಒಂದೊಂದು ಚೀಟಿ ಸಿಗಿಸಿ ಬಂದೀನಿ. 'ತೋಟದ ಮಾಲಿ ಮೇಲೆ ಅನುಮಾನ ಪಡಬೇಡಿ, ಪಾಪದವನು' ಅಂತ. ಅದ್ರಲ್ಲಿ ಯಾವ ಪುಸ್ತಕದಲ್ಲೂ ಮಾಲಿನೇ ಇಲ್ಲ. ಓದೋನು ಮೊದಲಿಂದ ಕೊನೇಗಂಟ ಮಾಲಿ ಈಗ ಬತ್ತಾನೆ, ಆಗ ಬತ್ತಾನೆ ಅಂತ ಕಾಯ್ತಾ ಕೂತಿರ್ತಾನೆ. ನಮ್ಮ ಬೀದಿ ರಿಟೈರ್ಡ್ ಹೆಡ್ಮಾಷ್ಟ್ರು ಒಬ್ರು ವಾರಗಟ್ಲೆ ತಲೆ ಕೆಡಿಸ್ಕಂಡು, ಟೀ ಅಂಗಡೀಲಿ ನನ್ನನ್ನೇ ಕೇಳಿದ್ರು: "ಅಲ್ಲಾ ಪುಟ್ಸಾಮಿ, ಆ ಮಾಲಿ ಏನಾದ?" ನಾನು ಬನ್ನು ಟೀಗೆ ಅದ್ದಿ, "ಊರು ಬಿಟ್ಟ ಅಂತ ಕಾಣ್ತದೆ ಸಾರ್" ಅಂದೆ.

ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ವಾ ಅಂತ ನೀವು ಅನ್ಬೋದು. ಒಂದೆರಡು ಸಲ ಬಂದಿತ್ತು ಕಣ್ರೀ. ಒಳಗೆ ಪುಸ್ತಕ ತುಂಬಿರೋದು ನೋಡಿ, ಜಾಗ ಇಲ್ಲ ಅಂತ ವಾಪಸ್ ಹೋಯ್ತು.

ಕೊನೇ ಹಾಳೆ ಹುಡ್ಕೋ ಈ ಚಾಳಿ ಎಲ್ಲಿಂದ ಬಂತು ಅಂತ ನೀವು ಕೇಳ್ಳಿಲ್ಲ. ಕೇಳ್ದಿದ್ರೂ ಹೇಳ್ತೀನಿ.

ನಾನು ಓದೋದು ಕಲ್ತಿದ್ದು ಇಸ್ಕೂಲಲ್ಲಿ ಅಂತ ನಮ್ಮ ಮೇಷ್ಟ್ರು ಹೇಳ್ಕಂಡು ತಿರುಗ್ತಿದ್ರು. ಪಾಪ, ಹೇಳ್ಕಳ್ಳಿ. ನಿಜವಾಗಿ ಕಲ್ತಿದ್ದು ಬೆಲ್ಲದ ಪೊಟ್ಟಣದಲ್ಲಿ. ನಮ್ಮೂರು ಕಟ್ಟೆಮಳಲವಾಡಿ ಮಗ್ಗುಲಲ್ಲೇ. ಕಟ್ಟೆಮಳಲವಾಡಿ ಬಸ್ಸು ನಿಲ್ಲೋ ಜಾಗದಲ್ಲಿ ಒಬ್ರು ಶೆಟ್ರ ಅಂಗಡಿ ಇತ್ತು. ಅವ್ರು ಸಾಮಾನು ಕಟ್ಟಕ್ಕೆ ಮೈಸೂರಿಂದ ಹಳೇ ಪೇಪರು, ವಾರಪತ್ರಿಕೆ, ಕಾದಂಬರಿ, ಪರೀಕ್ಷೆ ಉತ್ತರದ ಹಾಳೆ ಎಲ್ಲಾನೂ ಮೂಟೇಲಿ ತರಿಸ್ತಿದ್ರು. ನಮ್ಮವ್ವ ಪೊಟ್ಟಣ ಬಿಚ್ಚಿ ಬೆಲ್ಲ ಡಬ್ಬಕ್ಕೆ ಸುರಿಯೋದೇ ತಡ, ಕಾಗದ ನನ್ನ ಕೈಲಿ. ಮೊದ್ಲು ನೆಕ್ಕೋದು, ಆಮೇಲೆ ಓದೋದು. ಹಾಗಾಗಿ ನನಗೆ ಇವತ್ತಿಗೂ ಅಕ್ಷರ ಅಂದ್ರೆ ಒಂಥರಾ ಸಿಹಿ. ಮೆಣಸಿನಕಾಯಿ ಕಟ್ಟಿದ ಹಾಳೆ ಓದಿದ ದಿನ ಮಾತ್ರ ಕಣ್ಣು ಉಜ್ಜಿಕೊಂಡು ಅತ್ತಿದ್ದುಂಟು. ನಮ್ಮವ್ವ, ಕಥೆ ಅಷ್ಟು ದುಃಖವಾ ಮಗ ಅಂತ ತಲೆ ಸವರಿದ್ಲು.

ಪೊಟ್ಟಣದ ಕಥೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಒಂದ್ರಲ್ಲಿ ಒಬ್ಬ ಜಮೀನ್ದಾರ ಪಿಸ್ತೂಲು ಎತ್ತಿ ನಿಂತಿದ್ದ. ಏನಾಯ್ತೋ ಅಂತ ಮುಂದಿನ ಪೊಟ್ಟಣ ಬಿಚ್ಚಿದ್ರೆ ನೆಗಡಿಗೆ ಕಷಾಯ ಕಾಸೋ ಕ್ರಮ. ಆ ಜಮೀನ್ದಾರ ಇವತ್ತಿಗೂ ಕೈ ಇಳಿಸಿಲ್ಲ. ರಟ್ಟೆ ಎಷ್ಟು ನೋಯ್ತಾ ಐತೋ.

ಜಂಬ ಅಂದ್ಕಬೇಡಿ, ಅಂದ್ಕಂಡ್ರೂ ಪರವಾಗಿಲ್ಲ: ಹುಣಸೂರು ತಾಲ್ಲೂಕಲ್ಲಿ ನನ್ನಂಗೆ ಓದ್ದೋನು ಇನ್ನೊಬ್ಬ ಇಲ್ಲ. ಪಿರಿಯಾಪಟ್ಣ, ಕೋಟೆ, ಕೃಷ್ಣರಾಜನಗರ ಎಲ್ಲಾ ಸೇರಿಸ್ಕಂಡ್ರೆ ಯಾರೋ ಒಬ್ಬಿಬ್ರು ಸಿಗ್ಬೋದು, ಆದ್ರೆ ಅವ್ರು ಪೂರ್ತಿ ಪುಸ್ತಕ ಓದ್ದೋರು. ಪೂರ್ತಿ ಪುಸ್ತಕ ಯಾವನು ಬೇಕಾದ್ರೂ ಓದ್ತಾನೆ. ಅರ್ಧ ಓದಿ ಮಿಕ್ಕಿದ್ದನ್ನ ತಲೇಲೇ ಬೆಳೆಯೋದು ಐತಲ್ಲ, ಅದು ವ್ಯವಸಾಯ.

ಇನ್ನು ನಿಜವಾದ ವ್ಯವಸಾಯಕ್ಕೆ ಬರೋಣ. ನಮ್ಮಪ್ಪನಿಗೆ ಹೊಗೆಸೊಪ್ಪು ಬಿಟ್ರೆ ಬೇರೆ ಲೋಕ ಇರ್ಲಿಲ್ಲ. ಹೊಲದಿಂದ ಹಸಿ ಸೊಪ್ಪು ಮುರ್ಕೊಂಡು ಬಂದ್ರೆ ಅವತ್ತೇ ಅದನ್ನ ಕಡ್ಡಿಗೆ ಕಟ್ಟಿ, ಬೇಯಿಸೋ ಬ್ಯಾರನ್ ಮನೆಗೆ ಏರಿಸ್ಬೇಕು. ತಡ ಆದ್ರೆ ಬಾಡ್ತದೆ, ಬಾಡಿದ್ರೆ ಬಣ್ಣ ಬರಲ್ಲ. ಬ್ಯಾರನ್ ಮುಂದೆ ಒಂದು ಚಪ್ಪರ. ಅದ್ರಡಿ ಹೆಂಗಸ್ರು ಸಾಲಾಗಿ ಕೂತು ಕಟ್ಟೋರು. ಒಬ್ರು ಸೊಪ್ಪು ಜೋಡಿಸಿ, ತೊಟ್ಟು ಕಟ್ಟೋರ ಕಡೆಗೆ ಮಾಡಿ ಕೊಡೋದು, ಇನ್ನೊಬ್ರು ದಾರ ಸುತ್ತಿ ಕಡ್ಡಿಗೆ ಬಿಗಿಯೋದು. ಸೊಪ್ಪಿನ ಅಂಟು ಕೈಗೆ ಹತ್ತಿ ಸಾಯಂಕಾಲಕ್ಕೆ ಎಲ್ಲರ ಅಂಗೈನೂ ಕರೀ ಬಾಣಲೆ.

ನಾನು ಸೊಪ್ಪು ಎತ್ತಿ ಕೊಡೋ ಆಳು. ಕೆಟ್ಟ ಆಳು. ಚಡ್ಡಿ ಜೇಬಲ್ಲಿ ಪೊಟ್ಟಣದ ಹಾಳೆ ಇರ್ತಿತ್ತು, ಕಣ್ಣು ಅಲ್ಲಿ, ಕೈ ಎಲ್ಲೋ. ಒಂದಿನ ಚೌಡಮ್ಮ ಅನ್ನೋಳು, ಗಂಡ ತೀರ್ಕಂಡಿದ್ದ ಜೋರು ಬಾಯಿ ಹೆಂಗಸು, ಸೊಪ್ಪಿಗೆ ಕೈ ಚಾಚಿ ಕಾದೂ ಕಾದೂ ಹೇಳಿದ್ಲು: "ಲೇ ಹೈದ, ಒಬ್ನೇ ಏನ್ಲಾ ಕಳ್ಳತಿಂಡಿ ತಿಂದಂಗೆ ಓದೀಯೆ? ಬಾಯಿ ಬುಟ್ಟು ಓದು, ನಮ್ಗೂ ಒಂದೀಟು ಬೀಳ್ಳಿ."

ಓದ್ದೆ. ಯಾವುದೋ ರಾಜ, ಯಾವುದೋ ಕಾಡು, ಹುಲಿ ಬಂತು ಅನ್ನೋವಾಗ ಹಾಳೆ ಮುಗೀತು. ಚಪ್ಪರದಡಿ ಒಂದು ಕೈಯೂ ಆಡ್ತಿಲ್ಲ. ಅಷ್ಟೊತ್ತಿಗೆ ಅಪ್ಪ ಸೌದೆ ಹೊತ್ಕಂಡು ಬಂದ.

"ಏನ್ರವ್ವ, ಸೊಪ್ಪಿಗೆ ಪೂಜೆ ಮಾಡ್ತಾ ಕೂತಿದ್ದೀರಾ?" ಅಂದು, ನನ್ನ ಕೈಲಿದ್ದ ಹಾಳೆ ಕಿತ್ಕಂಡು ಒಲೆಗೆ ಹಾಕ್ದ. ಹುಲಿ ಅಲ್ಲೇ ಬೂದಿ. "ಪುಸ್ತಕ ಓದಿದ್ರೆ ಬ್ಯಾರನ್ ಕಾಯ್ತದೇನ್ಲಾ?"

"ಕಾಯ್ತದೆ ಕಣಣ್ಣ, ಈಗ ಹಾಕಿದ್ಯಲ್ಲ" ಅಂದ್ಲು ಚೌಡಮ್ಮ. "ಆದ್ರೆ ನಾಳಿಂದ ಹೈದ ಓದ್ನಿಲ್ಲ ಅಂದ್ರೆ ನಾವು ಆಚೆ ಬ್ಯಾರನ್ನಿಗೆ ಓಯ್ತೀವಿ. ಅಲ್ಲಿ ರೇಡಿಯೋ ಆಕ್ತಾರೆ."

ಸೊಪ್ಪಿನ ಕಾಲದಲ್ಲಿ ಕಟ್ಟೋ ಹೆಂಗಸ್ರು ಅಂದ್ರೆ ಬಂಗಾರ. ಅಪ್ಪ ರಾತ್ರಿಯೆಲ್ಲ ಯೋಚ್ನೆ ಮಾಡಿ ಬೆಳಿಗ್ಗೆ ಒಂದು ಕಾನೂನು ತಂದ: "ಓದ್ಲಿ. ಆದ್ರೆ ಯಾರ ಕೈ ನಿಂತ್ರೂ ಇವ್ನ ಬಾಯಿ ನಿಲ್ಬೇಕು." ಎಂಥಾ ತಲೆ ನೋಡಿ. ಕಥೆ ಬಿಸಿ ಏರ್ದಂಗೆ ಹೆಂಗಸ್ರ ಕೈನೂ ಏರ್ತು. ಕೊಲೆ ಆಗೋ ಜಾಗದಲ್ಲಂತೂ ದಾರದ ಸದ್ದು ಸುಂಯ್ ಅಂತಿತ್ತು. ಬೇರೆಯೋರ ಬ್ಯಾರನ್ ದೀಪ ಹಚ್ಚೋ ಹೊತ್ತಿಗೆ ತುಂಬಿದ್ರೆ ನಮ್ದು ಮಧ್ಯಾಹ್ನ ದಾಟ್ತಿದ್ದಂಗೆ ತುಂಬ್ತಿತ್ತು. ಅದಕ್ಕೆ ಕಾರಣ ಅಪ್ಪನ ಬೇಸಾಯ ಅಂತ ಊರು ಹೇಳ್ತಿತ್ತು. ಕಾರಣ ನಾನು.

ಹಾಳೇಲಿ ಇದ್ದಿದ್ದನ್ನೇ ಓದ್ತಿದ್ದೆ ಅಂತ ಮಾತ್ರ ತಿಳ್ಕಬೇಡಿ. ಚೌಡಮ್ಮ ಊಟ ಆದ್ಮೇಲೆ ತೂಕಡಿಸೋಳು. ನಾನು ಅದೇ ಪುಸ್ತಕದ ರಾಗದಲ್ಲಿ, "ಅಷ್ಟರಲ್ಲಿ ಅರಮನೆಯ ಮೂಲೆಯಿಂದ ಭಯಂಕರವಾದ ಶಬ್ದವೊಂದು ಕೇಳಿಬಂತು. ಅದು ಚೌಡಮ್ಮ ಎಂಬ ವೃದ್ಧೆಯ ಗೊರಕೆಯಾಗಿತ್ತು" ಅಂತ ಸೇರಿಸ್ತಿದ್ದೆ. ಎಲ್ಲಾ ನಗೋರು. ಅವ್ಳು ಎದ್ದು, "ಎಲ್ಲಿ ತೋರ್ಸು, ನನ್ನೆಸ್ರು ಯಾವ ಸಾಲಲ್ಲೈತೆ?" ಅನ್ನೋಳು. ನಾನು ಯಾವುದೋ ಸಾಲು ತೋರಿಸ್ತಿದ್ದೆ. ಅದನ್ನೇ ಬೆರಳಲ್ಲಿ ಮುಟ್ಟಿ ನೋಡಿ, "ಅಚ್ಚಾಕಿಸ್ದೋನ ಮನೆ ಆಳಾಗ" ಅಂತ ಬಯ್ಕೊಂಡ್ರೂ, ಒಳಗೊಳಗೇ ಖುಷಿ.

ಹೀಗಿರೋವಾಗ ಒಂದಿನ ಶೆಟ್ರ ಅಂಗಡೀಲಿ ಒಂದು ದಪ್ಪ ಕಾದಂಬರಿ ಕಣ್ಣಿಗೆ ಬಿತ್ತು. ಮುಂದಿನ ರಟ್ಟು ಇಲ್ಲ, ಹೆಸ್ರಿಲ್ಲ. ಶೆಟ್ರು ಅದನ್ನ ಹಿಂದಿಂದ ಒಂದೊಂದೇ ಹಾಳೆ ಹರಿದು ಪೊಟ್ಟಣ ಕಟ್ತಾ ಇದ್ರು. ನಾನು ಅಂಗಡಿ ಗುಡಿಸಿ, ಮೂಟೆ ಎತ್ತಿಟ್ಟು, ಅವ್ರ ಎಮ್ಮೆಗೆ ನೀರು ತೋರಿಸಿ, ಕೊನೆಗೆ ಕಾಲಿಗೂ ಬಿದ್ದು ಮಿಕ್ಕಿದ್ದನ್ನ ತಂದೆ. ಹಿಂದಿನ ಸುಮಾರು ಹಾಳೆ ಆಗಲೇ ಸಂಸಾರಸ್ಥರ ಮನೆ ಸೇರಿದ್ವು.

ಕಥೆ ಸುಲೋಚನ ಅನ್ನೋಳದ್ದು. ಅಪ್ಪ ರಿಟೈರಾದ ಜಡ್ಜು. ದೊಡ್ಡ ಮನೆಗೆ ಮದುವೆ ಮಾಡಿ ಕೊಟ್ಟಿದ್ದ. ಗಂಡ ತನ್ನ ಅಮ್ಮನ ಮಾತು ಕೇಳ್ಕಂಡು ಹೆಂಡ್ತೀನ ಮಾತಾಡಿಸೋದೇ ಬಿಟ್ಟ. ವರ್ಷ ಕಾದ್ಲು, ಒಂದಿನ ಟ್ರಂಕು ಎತ್ಕಂಡು ಕುದುರೆ ಗಾಡಿ ಹತ್ತಿ ಅಪ್ಪನ ಮನೆಗೆ ಬಂದ್ಲು. ಇಷ್ಟು ಓದೋ ಹೊತ್ತಿಗೆ ಚಪ್ಪರದಡಿ ಎಲ್ಲರ ಕಣ್ಣೂ ಒಂದೇ ಕಡೆ ಹೋಗ್ತಿತ್ತು, ಹೋಗಿ ತಟ್ಟನೆ ವಾಪಸ್ ಬರ್ತಿತ್ತು. ಆ ಕಡೆ ಕೂತಿದ್ದೋಳು ರತ್ನಕ್ಕ.

ರತ್ನಕ್ಕನ ವಿಷ್ಯ ಊರಿಗೆಲ್ಲ ಗೊತ್ತು. ಅವ್ಳನ್ನ ಚುಂಚನಕಟ್ಟೆ ಕಡೆಗೆ ಕೊಟ್ಟಿದ್ರು. ನೀರಾವರಿ ಗದ್ದೆ, ತುಂಬಿದ ಮನೆ, ಗಂಡ ನಂಜುಂಡಣ್ಣನೂ ಮೆತ್ತಗಿನ ಮನುಷ್ಯ. ನಾಟಿ ಕಾಲದಲ್ಲಿ ಅವ್ಳಪ್ಪ ಸತ್ರು. ಸುದ್ದಿ ಹೋಯ್ತು. ನಾಟಿ ಮುಗೀಲಿ ಅಂತ ಮಾವ ಕಳಿಸ್ಲಿಲ್ಲ. ಅಪ್ಪನ ಮುಖ ಕೊನೆಗೊಂದ್ಸಲ ನೋಡಕ್ಕೂ ಆಗ್ಲಿಲ್ಲ, ಮಣ್ಣು ಹಾಕಕ್ಕೂ ಆಗ್ಲಿಲ್ಲ. ಮಣ್ಣಿಗೆ ಹಾಲು ತುಪ್ಪ ಬಿಡೋ ದಿನಕ್ಕೆ ಒಬ್ಳೇ ಬಸ್ಸಲ್ಲಿ ಬಂದೋಳು, ಗುಡ್ಡೆ ಮಣ್ಣಿನ ಮುಂದೆ ಸುಮ್ನೆ ಕೂತಿದ್ದು ಎದ್ದು ಬಂದ್ಲು. ಆಮೇಲೆ ಗಂಡನ ಮನೆಗೆ ಹೋಗ್ಲಿಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ "ಸೊಪ್ಪಿನ ಕಾಲ ಮುಗೀಲಿ" ಅನ್ನೋಳು. ಅತ್ತ ಕಡೆಯಿಂದ್ಲೂ ಅದೇ ಮಾತು ಬಂದಿತ್ತು: ಸೊಪ್ಪಿನ ಕಾಲ ಮುಗಿಯೋ ಹೊತ್ತಿಗೆ ಇಬ್ರು ಯಜಮಾನ್ರನ್ನ ಕರ್ಕಂಡು ಬತ್ತೀವಿ, ಒಂದು ತೀರ್ಮಾನ ಆಗ್ಲಿ ಅಂತ. ಬರ್ತಾಳೋ, ಇಲ್ಲ ಕೈ ತೊಳ್ಕತೀರೋ, ಎರಡರಲ್ಲಿ ಒಂದು.

ಹಾಗಾಗಿ ಆ ಕಾದಂಬರಿ ಓದೋವಾಗ ಯಾರೂ ರತ್ನಕ್ಕನ ಹೆಸ್ರೆತ್ತುತಿರ್ಲಿಲ್ಲ. ಎಲ್ಲಾ ಸುಲೋಚನಳ ಮೇಲೆ ಹಾಕಿ ಮಾತಾಡೋರು.

"ಗಂಡನ್ನ ಬುಟ್ಟು ಬಂದ್ಳಲ್ಲ, ಎಷ್ಟು ದಿನ ಅಪ್ಪನ ಮನೇಲಿ ಕೂತ್ಕಂಡಾಳು" ಅಂತ ರತ್ನಕ್ಕನ ಅವ್ವ ನಿಂಗಮ್ಮ.

"ಯಾಕೆ, ಅಪ್ಪ ಜಡ್ಜು, ಅನ್ನಕ್ಕೇನು ಬರ?" ಅಂತ ಚೌಡಮ್ಮ.

"ಜಡ್ಜಾದ್ರೂ ಎರಡ್ನೇ ಮಗಳ ಮದ್ವೆ ಮಾಡ್ಬೇಕಲ್ಲವ್ವ."

"ಆ ಜಡ್ಜಿಗೆ ಎರಡ್ನೇ ಮಗಳೇ ಇಲ್ಲ ಕಣ್ ನಿಂಗಮ್ಮಕ್ಕ. ನೀ ಯಾವ ಪುಸ್ತಕ ಕೇಳ್ತಾ ಇದ್ದೀಯೆ?"

ನಿಂಗಮ್ಮ ತಲೆ ತಗ್ಗಿಸಿ ದಾರ ಬಿಗಿದ್ಲು. ಎರಡನೇ ಮಗಳು ಇದ್ದಿದ್ದು ಅವ್ಳಿಗೆ. ನೋಡಕ್ಕೆ ಬರೋರೆಲ್ಲ ಅಕ್ಕನ ವಿಷ್ಯ ಎತ್ತಿ ಎದ್ದು ಹೋಗ್ತಿದ್ರು. ಕೆಟ್ಟೋಳಲ್ಲ ನಿಂಗಮ್ಮ. ನಡುವೆ ಸಿಕ್ಕೋಗಿದ್ಲು.

ಪುಸ್ತಕ ಮುಗೀತಾ ಬಂತು, ಅಂದ್ರೆ ನಮ್ಮ ಹತ್ರ ಇದ್ದಷ್ಟು. ಸುಲೋಚನ ಮಹಡಿ ಮೇಲೆ ಕೂತವ್ಳೆ, ಗಂಡ ಪಶ್ಚಾತ್ತಾಪ ಪಟ್ಟು ರೈಲು ಹತ್ತವ್ನೆ. ಅಲ್ಲಿಗೆ ಹಾಳೆ ಖಾಲಿ. ಇನ್ನು ಇಲ್ಲ ಅಂದೆ. ಚಪ್ಪರದಡಿ ಯಾರೋ ಸತ್ತಂಗಾಯ್ತು.

ಚೌಡಮ್ಮ ಸೆರಗು ಸಿಗಿಸಿ ಎದ್ಲು. "ಶೆಟ್ರಂಗಡಿ ಪೊಟ್ಟಣ ಯಾರ್ಯಾರ ಮನೇಲೈತೋ ಎಲ್ಲಾ ತರ್ರವ್ವ ನಾಳೆ."

ಮಾರನೇ ದಿನ ನೋಡ್ಬೇಕಿತ್ತು. ಒಬ್ಬೊಬ್ರು ಸೆರಗಲ್ಲಿ ಕಟ್ಕಂಡು ಬಂದವ್ರೆ. ಒಬ್ಬಳು ತಂದಿದ್ದು ಭೂಗೋಳದ ಉತ್ತರ ಪತ್ರಿಕೆ. ಇನ್ನೊಬ್ಬಳದು ಯಾರದೋ ಲಗ್ನಪತ್ರಿಕೆ. ಒಬ್ಬ ಅಜ್ಜಿ ಗೋಡೆಗೆ ಮೆತ್ತಿದ್ದ ಹಾಳೇನ ಸುಣ್ಣದ ಸಮೇತ ಎಬ್ಬಿಸ್ಕಂಡು ಬಂದಿತ್ತು, ಅದು ಸೋಪಿನ ಜಾಹೀರಾತು. ಹುಣಸೆಹಣ್ಣು ಮೆತ್ತಿದ್ದು, ಎಣ್ಣೆ ಕುಡಿದಿದ್ದು, ಇಲಿ ಕಡಿದಿದ್ದು. ನಾನು ಎಲ್ಲಾ ಹರಡ್ಕಂಡು ಡಾಕ್ಟ್ರು ನಾಡಿ ನೋಡ್ದಂಗೆ ಒಂದೊಂದೇ ನೋಡಿ, "ಇದು ನಮ್ಮೋಳದ್ದಲ್ಲ, ಇದು ನಮ್ಮೋಳದ್ದು" ಅಂತ ಬೇರೆ ಮಾಡ್ದೆ. ಸುಲೋಚನಳ ಹಾಳೆ ಕೆಲವು ಸಿಕ್ಕಿದ್ವು. ಅವನ್ನ ಜೋಡಿಸಿ ಓದ್ದೆ. ಗಂಡ ರೈಲಿಳಿದ, ಮಳೇಲಿ ನೆಂದ, ಜಡ್ಜಿನ ಮನೆ ಬಾಗ್ಲು ಬಡಿದ. ಸಿಕ್ಕಿದ್ರಲ್ಲಿ ಕಟ್ಟಕಡೆ ಹಾಳೆ ನನಗೆ ಇವತ್ತಿಗೂ ಬಾಯಿಗೆ ಐತೆ: "ಸುಲೋಚನ ನಿಧಾನವಾಗಿ ಮೆಟ್ಟಿಲಿಳಿದು ಬಂದಳು. ಹೊರಗೆ ಅವನ ಉಸಿರಿನ ಸದ್ದು ಕೇಳುತ್ತಿತ್ತು. ಅವಳು ಚಿಲಕದ ಮೇಲೆ ಕೈಯಿಟ್ಟಳು. ಆಮೇಲೆ"

ಆಮೇಲೆ ಇಲ್ಲ.

ಸಾಯಂಕಾಲ ನಾನೂ ಚೌಡಮ್ಮನೂ ಶೆಟ್ರ ಅಂಗಡಿಗೆ ಓಡ್ದೋ. ಶೆಟ್ರು ಕನ್ನಡಕ ತೆಗ್ದು ನೆನೆಸ್ಕಂಡ್ರು. ಆ ಪುಸ್ತಕದಲ್ಲಿ ಮೊದ್ಲು ಹರಿದಿದ್ದೇ ಕೊನೇ ಹಾಳೆ. ಅದ್ರಲ್ಲಿ ಕಡ್ಲೆಪುರಿ ಕಟ್ಟಿ ಕೊಟ್ಟಿದ್ದು. ತಗಂಡೋನು ಯಾರೋ ದಾರಿಹೋಕ, ಹುಣಸೂರು ಬಸ್ಸು ಹತ್ತಿದ, ಅಲ್ಲಿಂದ ಪಿರಿಯಾಪಟ್ಣಕ್ಕೆ ಹೋಗ್ಬೇಕು ಅಂತಿದ್ದ.

"ಅಲ್ಲಾ ಶೆಟ್ರೆ, ಒಂದು ಎಣ್ಣು ಬಾಗ್ಲು ತೆಗೀತಾಳೋ ಇಲ್ವೋ ಅನ್ನೋದ್ನ ಕಡ್ಲೆಪುರಿಗೆ ಸುತ್ತಿ ಪಿರಿಯಾಪಟ್ಣಕ್ಕೆ ಕಳಿಸ್ಬುಟ್ರಲ್ಲ" ಅಂದ್ಲು ಚೌಡಮ್ಮ.

"ನಂಗೇನ್ ಗೊತ್ತಮ್ಮ, ಅವ್ನು ಖಾರ ಕಮ್ಮಿ ಇರ್ಲಿ ಅಂದ, ಹಾಕ್ದೆ" ಅಂದ್ರು ಶೆಟ್ರು.

ಮಾರನೇ ದಿನ ಚಪ್ಪರದಡಿ ಸಭೆ ಸೇರಿ ತೀರ್ಪು ಕೊಟ್ರು. ಇಷ್ಟೆಲ್ಲಾ ಓದಿರೋ ಹೈದ, ಮುಂದೇನಾಗ್ತದೆ ಅಂತ ಇವ್ನಿಗೆ ಹೊಳೆಯಲ್ವಾ? ಕೊನೇ ದಿನದ ಸೊಪ್ಪು ಕಟ್ಟೋವಾಗ ಸುಲೋಚನಳ ಕಥೆ ಇವ್ನೇ ಮುಗಿಸ್ಬೇಕು. ಮೀಸೆ ಬರೋ ಮುಂಚೆ ಇಂಥಾ ಅಧಿಕಾರ ಯಾರಿಗೆ ಸಿಕ್ಕೈತೆ ಹೇಳಿ? ನನ್ನ ನಡಿಗೆಯೇ ಬದಲಾಯ್ತು.

ಅಧಿಕಾರ ಸಿಕ್ಕಿದ ಮೇಲೆ ಮಾಮೂಲಿನೂ ಬರ್ಬೇಕಲ್ಲ. ಮೊದ್ಲು ಬಂದೋಳು ನಿಂಗಮ್ಮ, ಸೆರಗಿನ ಮರೇಲಿ ಬಿಸಿ ಒಬ್ಬಟ್ಟು. "ತಿನ್ನಪ್ಪ. ಆ ಬಾಗ್ಲು ತೆಗೆಸ್ಬುಡು ಕಣ್ ಮಗ. ಮಳೇಲಿ ನಿಂತವ್ನೆ, ಪಾಪ." ಒಬ್ಬಟ್ಟು ತಿಂದು, ನೋಡಣ ಅಂದೆ. ಆಮೇಲೆ ಚೌಡಮ್ಮ ಸುಟ್ಟ ಜೋಳದ ತೆನೆ ತಂದ್ಲು. "ತೆಗೆಸ್ದೆ ಅಂದ್ರೆ ನಿನ್ ಕಾಲು ಮುರೀತೀನಿ. ನೆನೀಲಿ ಅವ್ನು, ಸೊಪ್ಪಾಗ್ಲಿ." ತೆನೆ ತಿಂದು, ನೋಡಣ ಅಂದೆ. ಒಬ್ಬಟ್ಟಿನ ದಿನ ಬಾಗ್ಲು ತೆಗೆಯೋ ಹಂಗೆ, ತೆನೆ ದಿನ ಹಾಕ್ಕಳೋ ಹಂಗೆ ಮುಖ ಇಟ್ಕಂಡು ಇಬ್ರನ್ನೂ ಚೆನ್ನಾಗಿ ಆಡಿಸ್ದೆ. ನಾನು ಅಷ್ಟು ದಪ್ಪಗಿದ್ದಿದ್ದು ಜೀವನದಲ್ಲಿ ಅದೊಂದೇ ಕಾಲ.

ಅಪ್ಪನೂ ಬಿಡ್ಲಿಲ್ಲ. ಸೌದೆ ಸೀಳ್ತಾ, ನನ್ನ ಕಡೆ ನೋಡ್ದೆ ಕೇಳ್ದ: "ಆ ಎಣ್ಣು ಏನ್ ಮಾಡಾಳ್ಲಾ?"

"ಯಾವ ಎಣ್ಣಪ್ಪ?"

"ಅದೇ, ಜಡ್ಜಿನ ಮಗಳು. ತೆಗೀಲಿ ಬುಡು. ಆದ್ರೆ ಮೊದ್ಲು ಅವ್ನು ಆಚೆ ನಿಂತೇ ಬಾಯಿ ಬುಡ್ಲಿ." ಕೊಡಲಿ ಎತ್ತಿ ಇನ್ನೊಂದು ತುಂಡು ಸೀಳ್ದ. "ನಂಗೇನು, ನಾನು ಕೇಳ್ತಾ ಇರಲ್ಲ."

ಕೇಳ್ತಾ ಇರಲ್ವಂತೆ. ಪುಸ್ತಕ ಕಂಡ್ರೆ ಒಲೆಗೆ ಹಾಕ್ತಿದ್ದ ಮನುಷ್ಯ.

ಮಾತೇ ಆಡ್ದೆ ಇದ್ದೋಳು ರತ್ನಕ್ಕ ಒಬ್ಳೇ. ಒಂದಿನ ನಾನು ಅವ್ಳಿಗೆ ಸೊಪ್ಪು ಕೊಡ್ತಿದ್ದಾಗ ನಾನೇ ಕೇಳ್ದೆ, ಸ್ವಲ್ಪ ಜಂಬದಲ್ಲೇ: "ನಿಂಗೆ ಹೆಂಗೆ ಬೇಕಕ್ಕ? ಹೇಳು, ಹಂಗೇ ಮಾಡ್ತೀನಿ."

ಅವ್ಳು ದಾರ ಹಲ್ಲಲ್ಲಿ ಕಡಿದು, "ನಂಗೆ ಬೇಕಾದಂಗೆ ಬ್ಯಾಡ ಕಣೋ ಪುಟ್ಸಾಮಿ. ಅವ್ಳು ಏನ್ ಮಾಡ್ತಾಳೋ ಅದ್ನ ಹೇಳು" ಅಂದ್ಲು.

"ಅವ್ಳು ಏನ್ ಮಾಡ್ತಾಳೆ ಅಂತ ನಂಗೆ ಗೊತ್ತಿಲ್ವಲ್ಲಕ್ಕ."

"ನಂಗೂ ಗೊತ್ತಿಲ್ಲ" ಅಂದ್ಲು.

ಆಮೇಲೂ ನಿಂಗಮ್ಮ ಒಬ್ಬಟ್ಟು ತಂದ್ಲು. ತಿಂದೆ, ಇಲ್ಲ ಅನ್ನಲ್ಲ. ಆದ್ರೆ ರುಚಿ ಗೊತ್ತಾಗ್ಲಿಲ್ಲ. ನಾನು ಏನು ಹೇಳಿದ್ರೂ ಅದು ಬರೀ ಕಥೆ ಆಗಿರಲ್ಲ ಅನ್ನೋದು ನನ್ನ ದಪ್ಪ ತಲೆಗೂ ಹೊಕ್ಕಿತ್ತು. ಹೆಂಗಸ್ರು ಅದನ್ನೇ ಹಿಡ್ಕಂಡು ಅವ್ಳನ್ನ ಅತ್ತ ತಳ್ಳೋರು, ಇಲ್ಲ ಇತ್ತ ಎಳೆಯೋರು. ಪುಸ್ತಕದಲ್ಲೇ ಹಂಗೈತಂತೆ ಅಂತ ಊರೆಲ್ಲ ಹೇಳೋದು.

ಕೊನೇ ದಿನ ಬಂತು. ಗಿಡದ ತುದೀಲಿ ಉಳಿದಿದ್ದ ಸಣ್ಣ ಸೊಪ್ಪು, ಒಂದು ಗಾಡಿ. ಚಪ್ಪರದಡಿ ಹೆಂಗಸ್ರೆಲ್ಲ ಮೊದಲೇ ಬಂದು ಜಾಗ ಹಿಡಿದಿದ್ರು. ಅಪ್ಪ ಯಾವತ್ತೂ ಇಲ್ದೋನು, ಹಗ್ಗ ಹೊಸೆಯೋ ನೆಪದಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ನಾನು ಪುಸ್ತಕ ತೆಗೆಯೋ ಹೊತ್ತಿಗೆ ಸರಿಯಾಗಿ ರಸ್ತೆ ಕಡೆಯಿಂದ ಮೂರು ಜನ ಬಂದ್ರು. ಇಬ್ರು ಬಿಳೀ ಪಂಚೆ ಯಜಮಾನ್ರು. ಹಿಂದೆ ನಂಜುಂಡಣ್ಣ, ಕೈಲಿ ಚಪ್ಪಲಿ ಹಿಡ್ಕಂಡು. ಕೆಸರಿಗೆ ಕಿತ್ತೋಗಿತ್ತು ಅಂತ ಕಾಣ್ತದೆ.

ನಿಂಗಮ್ಮ ಗಾಬರಿ ಬಿದ್ದು ಎದ್ಲು. ರತ್ನಕ್ಕ ಏಳ್ಲಿಲ್ಲ.

"ಮಾತಾಡಣ ಅಂತ ಬಂದೋ ಕಣಮ್ಮ, ಮನೆಗೆ ನಡಿ" ಅಂದ್ರು ದೊಡ್ಡ ಯಜಮಾನ್ರು.

"ಸೊಪ್ಪು ಬಾಡ್ತದೆ. ಕಟ್ಟಿ ಏಳ್ತೀನಿ" ಅಂದ್ಲು ರತ್ನಕ್ಕ. "ಕೂತ್ಕಳಿ. ಹೈದ ಕಥೆ ಹೇಳ್ತಾನೆ, ಕೇಳಿ."

ಅವ್ರು ಕೂತ್ರು. ನಂಜುಂಡಣ್ಣ ಚಪ್ಪರದ ಅಂಚಿಗೆ ನಿಂತ. ಎಲ್ಲರೂ ನನ್ನ ಮುಖ ನೋಡಿದ್ರು. ನಿಂಗಮ್ಮನ ಕಣ್ಣಲ್ಲಿ ಒಬ್ಬಟ್ಟು, ಚೌಡಮ್ಮನ ಕಣ್ಣಲ್ಲಿ ತೆನೆ. ನಾನು ಶುರು ಮಾಡ್ದೆ: "ಅವಳು ಚಿಲಕದ ಮೇಲೆ ಕೈಯಿಟ್ಟಳು. ಆಮೇಲೆ..."

ನನ್ನ ಬಾಯಿ ಯಾರಿಗೂ ಸೋತಿದ್ದಲ್ಲ, ನಿಮಗೇ ಗೊತ್ತು. ಅವತ್ತು ನಿಂತೋಯ್ತು. ಅಪ್ಪನ ಕಾನೂನು ಉಲ್ಟಾ ಆಯ್ತು: ಎಲ್ಲರ ಕೈ ಆಡ್ತಾ ಐತೆ, ಬಾಯಿ ಮಾತ್ರ ನಿಂತೈತೆ.

"ಆಮೇಲೆ?" ಅಂದ್ಲು ಚೌಡಮ್ಮ.

"ಆಮೇಲೆ ಇಲ್ಲ ಚೌಡಮ್ಮತ್ತೆ. ನಂಗೆ ಗೊತ್ತಿಲ್ಲ" ಅಂದೆ.

ಆಗ ರತ್ನಕ್ಕ ಕಟ್ತಾ ಕಟ್ತಾನೇ, ತಲೆ ಎತ್ತದೆ ಶುರು ಮಾಡಿದ್ಲು. "ಚಿಲಕದ ಮೇಲೆ ಕೈ ಮಡಗಿದ್ಲು. ತೆಗೀಲಿಲ್ಲ. ಒಳಗಿಂದ್ಲೇ ಕೇಳಿದ್ಲು. ನಮ್ಮಪ್ಪ ಸತ್ತಾಗ ಯಾಕೆ ಕಳಿಸ್ನಿಲ್ಲ?"

ಸುಣ್ಣದ ಹಾಳೆ ತಂದಿದ್ದ ಅಜ್ಜಿಗೆ ತಡೀಲಿಲ್ಲ. "ಅವ್ಳಪ್ಪ ಬದ್ಕವ್ನಲ್ಲವ್ವ, ಜಡ್ಜು..."

"ಸುಮ್ಕಿರಜ್ಜಿ, ಈಗ ತಾನೇ ಸತ್ತ" ಅಂದ್ಲು ಚೌಡಮ್ಮ.

ದೊಡ್ಡ ಯಜಮಾನ್ರು ಗಂಟಲು ಸರಿ ಮಾಡ್ಕಂಡು, "ನೋಡಮ್ಮ, ನಾಟಿ ಕಾಲ, ಮನೆ ಯಜಮಾನ್ರು ಅಂದ್ಮೇಲೆ..." ಅಂತ ಎತ್ತಿದ್ರು.

"ಬಾಗ್ಲಾಚೆ ನಿಂತಿರೋದು ಒಬ್ನೇ ಕಣ್ರಣ್ಣ" ಅಂದ ನಮ್ಮಪ್ಪ, ಹಗ್ಗದಿಂದ ಕಣ್ಣೆತ್ತದೆ. "ಪುಸ್ತಕದಲ್ಲಿ ಹಂಗೇ ಐತೆ."

ನಂಜುಂಡಣ್ಣ ಚಪ್ಪಲಿ ಕೆಳಗಿಟ್ಟ. ಅವ್ನ ದನಿ ನಾವ್ಯಾರೂ ಅಲ್ಲೀಗಂಟ ಸರಿಯಾಗಿ ಕೇಳೇ ಇರ್ಲಿಲ್ಲ. "ಅಪ್ಪನ ಮುಂದೆ ಮಾತಾಡಕ್ಕೆ ಧೈರ್ಯ ಬರ್ನಿಲ್ಲ" ಅಂದ. "ಅವತ್ತು ನಾನೂ ಊಟ ಮಾಡ್ನಿಲ್ಲ. ಅದ್ರಿಂದ ನಿಂಗೇನಾಯ್ತು. ಏನೂ ಆಗ್ನಿಲ್ಲ."

ರತ್ನಕ್ಕ ಕಡ್ಡಿ ಮುಗಿಸಿ ಮಗ್ಗುಲಿಗಿಟ್ಟು ಹೊಸ ಕಡ್ಡಿ ತಗಂಡ್ಲು. ನನಗೆ ತಡೀಲಿಲ್ಲ, ಕೇಳೇಬಿಟ್ಟೆ: "ಅಕ್ಕ, ಸುಲೋಚನ ತೆಗೆದ್ಲಾ?"

"ಯೋಚ್ನೆ ಮಾಡ್ತಾವ್ಳೆ ಕಣೋ. ಅವ್ಳಿಗೂ ಒಂದೀಟು ಹೊತ್ತು ಬ್ಯಾಡ್ವಾ? ನೀನು ಎದ್ದೋಗು, ಎಮ್ಮೆ ಬೇಲಿ ಮುರೀತೈತೆ."

ಎಮ್ಮೆ ಸುಮ್ನೆ ಮಲಗಿತ್ತು. ಆದ್ರೂ ಎದ್ದೆ. ಅವ್ಳ ಎದುರಿಗೆ ಸೊಪ್ಪು ಕೊಡೋ ಜಾಗ ಖಾಲಿಯಾಯ್ತು. ನಂಜುಂಡಣ್ಣ ಬಂದು ಅಲ್ಲಿ ಕುಕ್ಕರಗಾಲಲ್ಲಿ ಕೂತ.

ಯಜಮಾನ್ರು ಬಿಸಿಲು ನೋಡಿದ್ರು, ಒಬ್ಬರ ಮುಖ ಒಬ್ರು ನೋಡಿದ್ರು. "ಅಲ್ಲಾ ಗೌಡ್ರೆ, ಇದೇನು ನ್ಯಾಯವೋ ಕಥೆಯೋ? ಇದು ಮುಗಿಯೋದ್ಯಾವಾಗ? ನಾವು ಹೊರಡ್ಬೇಕು."

"ನಿಮ್ದು ಮುಗೀತು ಕಣ್ರಣ್ಣ" ಅಂದ ಅಪ್ಪ. "ಮಜ್ಜಿಗೆ ಕುಡ್ದು ಹೊರಡಿ, ಬಸ್ಸು ಬರೋ ಹೊತ್ತಾಯ್ತು."

ಆ ವರ್ಷ ರತ್ನಕ್ಕ ಚುಂಚನಕಟ್ಟೆಗೆ ಹೋಗ್ಲಿಲ್ಲ. ನಂಜುಂಡಣ್ಣನೂ ಹೋಗ್ಲಿಲ್ಲ. ಮುಂದಿನ ವರ್ಷ ನಮ್ಮೂರಲ್ಲೇ ಒಂದು ಬ್ಯಾರನ್ ಪಾಲಿಗೆ ಹಿಡಿದ್ರು, ರತ್ನಕ್ಕನ ತಂಗಿ ಮದುವೇಲಿ ನಂಜುಂಡಣ್ಣನೇ ನಿಂತು ಬಡಿಸ್ದ. ಅವ್ರ ಬ್ಯಾರನ್ನಿಗೂ ಓದಕ್ಕೆ ನನ್ನನ್ನೇ ಕರೀತಿದ್ರು, ನನ್ನ ಬಿಟ್ರೆ ಇನ್ಯಾರವ್ರೆ.

ಆದ್ರೆ ಅದೆಲ್ಲ ಆಮೇಲಿಂದು. ಅವತ್ತು ನಾನು ಎಮ್ಮೆ ಪಕ್ಕ ನಿಂತು ನೋಡ್ತಾ ಇದ್ದೆ. ಯಜಮಾನ್ರಿಬ್ರೂ ರಸ್ತೆ ಕಡೆ ನಡೆದಿದ್ರು. ನಂಜುಂಡಣ್ಣ ಗದ್ದೆ ಕಡೆ ಮನುಷ್ಯ, ಹೊಗೆಸೊಪ್ಪು ಮುಟ್ಟಿದೋನಲ್ಲ. ಒಂದಷ್ಟು ಎಲೆ ಜೋಡಿಸಿ, ಎರಡೂ ಕೈಲಿ ಹಿಡ್ದು, ತಲೆಕೆಳಗಾಗಿ ಅವ್ಳ ಮುಂದೆ ಚಾಚಿದ. ರತ್ನಕ್ಕ ತಗೊಳ್ಳಿಲ್ಲ. ನೋಡಿದ್ಲು.

"ತೊಟ್ಟು ನನ್ ಕಡಿಕೆ ಇರ್ಲಿ" ಅಂದ್ಲು.

ಅವ್ನು ತಿರುಗಿಸಿ ಕೊಟ್ಟ.